ಎತ್ತುಗಳಿಗೆ ಎರಡು ಕಿಟಕಿ

ತುಕ್ಕಾನಟ್ಟಿಯ ಪರಪ್ಪ ಎತ್ತುಗಳಿಗೆ ಹೊಸ ಕೊಟ್ಟಿಗೆ ಕಟ್ಟಿಸಿ ಅದಕ್ಕೆ ಎರಡು ಕಿಟಕಿ ಇಡಿಸಿದ. ಅವೇನು ಸಾದಾ ಕಿಟಕಿಯೇ? ಗೋಕಾಕ ಪೇಟೆಯಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದ ಸಾಗವಾನಿ ಚೌಕಟ್ಟು! ಊರವರೆಲ್ಲ ನೋಡಿ ಹೊಗಳಿ ಹೋದರು. ಹೆಂಡತಿ ಬಾಳವ್ವ ಮಾತ್ರ ನೋಡಿ ಹಲ್ಲು ಕಚ್ಚಿದಳು. ಅವಳ ಅಡುಗೆಮನೆಗೆ ಕಿಟಕಿಯ ಮಾತು ಹಾಳಾಗಿ ಹೋಗಲಿ, ತಲೆಯ ಮೇಲಿನ ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿಯೂ ಇರಲಿಲ್ಲ.

ಅವಳು ಕೇಳಿರಲಿಲ್ಲವೇ? ಮದುವೆಯಾಗಿ ಬಂದಾಗಿನಿಂದ ಕೇಳುತ್ತಲೇ ಇದ್ದಳು. ಬಾಜೂ ಮನೆಯವರು ಲಿಂಗ ಕಟ್ಟಿದವರಲ್ಲ, ಅವರ ಮಾಳಿಗೆ ಬೇರೆ ಎತ್ತರ, ಅಲ್ಲಿಂದ ಅವರ ಕಣ್ಣು ಅಡುಗೆಯ ಮೇಲೆ ಬಿದ್ದರೆ ಉಣ್ಣುವುದು ಹೇಗೆ ಎಂದು ಅತ್ತೆ ಕಾಶೆವ್ವ ಅಡ್ಡ ಬರುತ್ತಿದ್ದಳು. ಪರಪ್ಪನದು ಇನ್ನೊಂದು ರಾಗ. ಸುಗ್ಗಿ ಮುಗಿಯಲಿ ಎನ್ನುತ್ತಿದ್ದ. ಅದೆಷ್ಟು ಸುಗ್ಗಿ ಮುಗಿದವೋ! ಎತ್ತುಗಳೇನು ಬಾಯಿಬಿಟ್ಟು ಕೇಳಿದ್ದವೇ?

ಹತ್ತರಗಿಯ ತವರಿನಲ್ಲಿ ಬಾಳವ್ವನ ಕೈರುಚಿಗೆ ಹೆಸರಿತ್ತು. ಅಲ್ಲಿ ಒಲೆಯ ಮುಂದೆ ಕೂತರೆ ಬೆಳಗಿನ ಬಿಸಿಲು ಹಿಟ್ಟಿನ ಮೇಲೆ ಬೀಳುತ್ತಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ ಇನ್ನೊಂದು ಪಲ್ಯ ಮಾಡೋಣವೆಂದು ತಾನಾಗಿಯೇ ಆಸೆಯಾಗುತ್ತಿತ್ತು. ಇಲ್ಲಿ ಹೊಸ್ತಿಲು ದಾಟಿದರೆ ಸಾಕು, ಕೈಕಾಲಿನ ಕಸುವೇ ಇಳಿದುಹೋಗುವುದು. ಮಹಾಯುದ್ಧದ ದೆಸೆಯಿಂದ ಚಿಮಣಿ ಎಣ್ಣೆಗೂ ತತ್ವಾರ. ಹಗಲಲ್ಲೇ ಉಪ್ಪಿನ ಗಡಿಗೆಗೆ ತಡಕಾಡಬೇಕು, ಹೊಗೆಗೆ ಕಣ್ಣೀರು ಸುರಿಸಬೇಕು. ಎಣ್ಣೆಗಾಯಿ, ಗುರೆಳ್ಳಿನ ಚಟ್ನಿಪುಡಿ ಎಲ್ಲ ಬಿಟ್ಟುಹೋಗಿ ಅಡುಗೆ ಬರೀ ರೊಟ್ಟಿ, ಖಾರಬ್ಯಾಳಿಗೆ ಬಂದು ನಿಂತಿತು. ಹತ್ತರಗಿಯವಳು ಮೈಗಳ್ಳಿ ಎಂದು ಅತ್ತೆ ಓಣಿಗೆಲ್ಲ ಸಾರಿದಳು. ಹಾಗಾದರೆ ರಾಶಿಯ ದಿನ ಹೊಲದಲ್ಲಿ ಮೂರು ಕಲ್ಲು ಹೂಡಿ ಅವಳು ಮಾಡಿದ ಬದನೆಕಾಯಿಯನ್ನು ಇದೇ ಮಂದಿ ಬೆರಳು ಚೀಪಿ ಉಂಡಿರಲಿಲ್ಲವೇ? ಆಗ ಮೈಗಳ್ಳಿ ಎಲ್ಲಿಗೆ ಹೋಗಿದ್ದಳಂತೆ!

ಕೊಟ್ಟಿಗೆ ಮುಗಿದ ಮರುದಿನ ಪರಪ್ಪ ಬ್ಯಾಳಿಯಲ್ಲಿ ಉಪ್ಪೇ ಇಲ್ಲವೆಂದು ಗಂಗಾಳ ನೂಕಿದ. ಅಡುಗೆ ಮಾಡಲು ಮನಸ್ಸಿಲ್ಲದಿದ್ದರೆ ತವರಿಗೆ ನಡೆ, ಕೈ ನೆಟ್ಟಗಿರುವ ಇನ್ನೊಬ್ಬಳನ್ನು ಮಾಡಿಕೊಳ್ಳುತ್ತೇನೆ ಎಂದ. ಹಾಗೆಂದು ಓಣಿಯ ಕಟ್ಟೆಗೆ ಹೋಗಿ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತ. ಬಾಳವ್ವನ ಮೈಯೆಲ್ಲ ಭಗ್ಗೆಂದು ಉರಿಯಿತು.

ನೇರ ಕೊಟ್ಟಿಗೆಗೆ ನುಗ್ಗಿ ದೊಡ್ಡ ಎತ್ತಿನ ಹಗ್ಗ ಬಿಚ್ಚಿದಳು. ಪಡಸಾಲೆ ದಾಟಿಸಿ ಅಡುಗೆಮನೆಯ ಬಾಗಿಲಿಗೆ ತಂದು ನಿಲ್ಲಿಸಿದಳು. ಕಾಶೆವ್ವ ಹೌಹಾರಿ ಎದ್ದಳು. ಎತ್ತು ಒಳಗಿನ ಕತ್ತಲು ಕಂಡು, ಹೊಗೆ ಮೂಸಿ, ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಬಾಳವ್ವ ಜಗ್ಗಿದಳು, ಬೈದಳು, ಮತ್ತೆ ಜಗ್ಗಿದಳು. ಊಹೂಂ, ಅದು ಜಪ್ಪಯ್ಯ ಎನ್ನಲಿಲ್ಲ.

ಗದ್ದಲ ಕೇಳಿ ಪರಪ್ಪ ಓಡಿ ಬಂದ.

“ಹಗ್ಗ ಬಿಡು. ಮೂಕ ಜೀವಾನ ಅಂಥಾ ಕತ್ತಲಾಗ ಕಟ್ಟತಿಯೇನು? ಉಸುರು ಕಟ್ಟಿ ಸಾಯ್ತೈತಿ.”

ಬಾಳವ್ವ ಹಗ್ಗ ಬಿಡಲಿಲ್ಲ. “ಏನಂದ್ರಿ? ನಿಮ್ಮವ್ವಗ ಕೇಳೂವಂಗ ಇನ್ನೊಮ್ಮಿ ಅನ್ರಿ.”

ಪರಪ್ಪ ಸೊಸೆಗೆ ಬುದ್ಧಿ ಹೇಳು ಎಂಬಂತೆ ತಾಯಿಯ ಕಡೆ ನೋಡಿದ. ಕಾಶೆವ್ವ ಸದಾ ನೀರಾಡುವ ತನ್ನ ಕೆಂಗಣ್ಣನ್ನು ಸೆರಗಿನಿಂದ ಒರೆಸಿಕೊಂಡಳು. ಬಯ್ಯಲೆಂದೇ ಬಾಯಿ ತೆರೆದಳು. ಆದರೆ ಆ ಸಿಟ್ಟು ಹರಿದದ್ದು ಮಗನ ಮೇಲೆ.

“ನಿನ್ನ ಹಡದು ಮೈ ಹಸಿ ಆರೂದರಾಗ ಅದೇ ಕತ್ತಲಾಗ ಕುಂತು ರೊಟ್ಟಿ ಬಡದೇನಿ, ಪರ್ಯಾ. ನನ್ನ ಉಸುರು ಕಟ್ಟಿದ್ದು ನಿಮ್ಮಪ್ಪಗೂ ಕಾಣಲಿಲ್ಲ, ನಿನಗೂ ಕಾಣಲಿಲ್ಲ. ಎತ್ತಿಂದು ಕಂಡಿತೇನು?”

ಎಂದವಳೇ ಸೊಸೆಯ ಕೈಯಲ್ಲಿದ್ದ ಹಗ್ಗಕ್ಕೆ ತಾನೂ ಕೈಹಾಕಿ ಎತ್ತನ್ನು ಒಳಗೆ ಜಗ್ಗತೊಡಗಿದಳು.