ಒಲೆಗಲ್ಲಿನ ಗಂಗಮ್ಮ

"ಗಡಿಗೆ ಕೆಳಗಾಕ್ಲೇ ಕದಿರಾ! ನಿನ್ನ ನೆಳ್ಳು ತಾಯಿ ಮೇಲೆ ಬೀಳ್ತಾ ಐತೆ, ಸೂಳೆಮಗನೆ!"

ಗಡಿಗೆ ಕೆಳಗಿಟ್ಟೆ. ನೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ಕುಕ್ಕರುಗಾಲಲ್ಲಿ ಕೂತೆ. ಅದೂ ಗಿಡ್ಡವಾಗಿ ಕೂತಿತು.

ಪಟೇಲ ಬ್ಯಾಟರಾಯಪ್ಪನ ಆಳು ಲಕ್ಕಣ್ಣ ಕೋಲೆತ್ತಿ ಗಡಿಗೆಗೆ ಒಂದು ಬಿಟ್ಟ.

"ಇನ್ನೊಂದ್ಸಲ ಬೇಲಿ ದಾಟಿದ್ರೆ ಒಡ್ಯೋದು ಬುರುಡೆ."

ಬೇಲಿಯೊಳಗೆ, ಕುಂಟೆಯ ದಡದಲ್ಲಿ, ಮೂರು ಕಲ್ಲು. ರಾಜಾನುಕುಂಟೆ ರಸ್ತೆಯಲ್ಲಿ ಹೋಗುವವರಿಗೂ ಕಾಣುವಷ್ಟು ಅರಿಶಿನ. ಆ ದೇವರನ್ನು ಮಾಡಿದವನು ನಾನೇ. ಇದನ್ನು ಹೇಳಿದ್ದರೆ ಬುರುಡೆ ಇನ್ನೊಂದು ಸಲದವರೆಗೆ ಕಾಯುತ್ತಿರಲಿಲ್ಲ.

ಊರಬಾವಿಗೆ ನಮ್ಮನ್ನು ಬಿಡುತ್ತಿರಲಿಲ್ಲವೆಂದು ನಮ್ಮ ಕೇರಿಯವರೇ ಅಗೆದುಕೊಂಡ ಕುಂಟೆ ಅದು. ಈ ಬೇಸಿಗೆಯಲ್ಲಿ ಪಟೇಲ ತನ್ನ ಎಮ್ಮೆಗಳನ್ನು ಅದರಲ್ಲಿ ಮೀಯಿಸತೊಡಗಿದ. ನನ್ನ ಮಗಳು ಯಲ್ಲಮ್ಮನಿಗೆ ವಾಂತಿಭೇದಿ ಹಿಡಿಯಿತು. ಪಟೇಲ ಅಂಜುವುದು ದೇವರೊಂದಕ್ಕೇ. ನನ್ನ ಹೆಂಡತಿ ಅಕ್ಕಯ್ಯಮ್ಮನ ಮೂರು ಒಲೆಗಲ್ಲು ಕಿತ್ತು, ಮಸಿ ತಿಕ್ಕಿ, ಅರಿಶಿನ ಬಳಿದು, ದಡದಲ್ಲಿ ನೆಟ್ಟೆ. "ಗಂಗಮ್ಮ ಎದ್ದವ್ಳೆ!" ಎಂದು ಊರ ಮುಂದೆ ಕೂಗಿಕೊಂಡು ಬಂದೆ.

ಎಮ್ಮೆಗಳು ಕುಂಟೆಗಿಳಿಯುವುದು ಅವತ್ತೇ ನಿಂತಿತು. ಕೇರಿ ಎಂಟು ದಿನ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿತು.

ಒಂಬತ್ತನೆಯ ದಿನ ಪಟೇಲ ಪೂಜಾರಿಯ ಜೊತೆ ಬಂದ. ತಾಯಿ ಅವನ ಕನಸಿಗೂ ಹೋಗಿದ್ದಳಂತೆ. ಅಲ್ಲಿ ಬಹಳ ಹೊತ್ತು ಮಾತಾಡಿದ್ದಳಂತೆ. ಪೂಜಾರಿ ಮಂತ್ರ ಹೇಳಿದ, ಕುಂಟೆಯ ಸುತ್ತ ಕಳ್ಳಿಬೇಲಿ ಎದ್ದಿತು. ಹಾಕಿದವರು ನಾವೇ, ಬಿಟ್ಟಿಗೆ.

"ಇನ್ಮೇಲೆ ಇದು ತೀರ್ಥ ಕಣ್ರಲಾ," ಅಂದ ಪಟೇಲ. ನನ್ನ ಕಡೆ ತಿರುಗಿ, "ಮೊದ್ಲು ಕಂಡೋನು ನೀನು, ಪುಣ್ಯವಂತ. ದೂರದಿಂದ ಕೈಮುಗ್ಕೊ."

ಎಮ್ಮೆಗಳು ಹಳ್ಳಕ್ಕೆ ಹೋದವು. ನಾವೂ ಅಲ್ಲಿಗೇ ಹೋದೆವು, ಕುಡಿಯಲು.

ಯಲಹಂಕದಲ್ಲಿ ಕಂದಾಯದ ಶೇಕದಾರರ ಮುಂದೆ ಕೈಕಟ್ಟಿ ನಿಂತು ದೂರು ಹೇಳಿದೆ.

"ಬಾವಿಗೆ ನಿಮ್ಮನ್ನು ಬಿಡಬೇಕು ಅಂತ ಕಾನೂನು ಬಂದಿದೆಯಪ್ಪ. ಇದು ದೇವಸ್ಥಾನ ಅಂತೀಯಲ್ಲ."

"ದೇವಸ್ಥಾನಕ್ಕೂ ಬಂದೈತಂತಲ್ಲ, ಬುದ್ಧಿ."

"ಕಟ್ಟಡ ಇದೆಯೇನೋ?"

"ಇಲ್ಲ, ಬುದ್ಧಿ."

"ಮತ್ತೆ?" ಎಂದು ಎಲೆಗೆ ಸುಣ್ಣ ಹಚ್ಚಿಕೊಂಡರು.

ಹಾಗಾಗಿಯೇ ಇವತ್ತು ಬೇಲಿ ನುಸುಳಿದ್ದು. ಬರಿಗೈಲಿ ಮನೆಗೆ ಬಂದಾಗ ಯಲ್ಲಮ್ಮ ಚಾಪೆಯ ಮೇಲೆ ಮತ್ತೆ ಕಕ್ಕುತ್ತಿದ್ದಳು. ಕಣ್ಣುಗಳು ಒಳಕ್ಕೆ ಹೋಗಿದ್ದವು.

"ನೀರೆಲ್ಲಿ?" ಅಂದಳು ಅಕ್ಕಯ್ಯಮ್ಮ.

"ಗಡಿಗೆ ಒಡ್ದಾಕ್ದ ಲಕ್ಕಣ್ಣ."

ಅವಳು ಮಂಕರಿ ಎತ್ತಿಕೊಂಡಳು, ಇನ್ನೊಂದು ಗಡಿಗೆ ಎತ್ತಿಕೊಂಡಳು.

"ಬ್ಯಾಡ ಕಣೆ. ಮಂತ್ರ ಆಕವ್ರೆ."

"ಆರು ವರ್ಸ ಆ ಕಲ್ಲಿನ್ ಮೇಲೆ ಮುದ್ದೆ ಬೇಯ್ಸಿವ್ನಿ. ಅವಾಗ ಯಾವ ತಾಯಿ ಎದ್ದಿದ್ಲು? ತಾಯಿ ಇದ್ರೆ ತಾನೆ ತೀರ್ಥ? ಕಲ್ಲು ನಂದು, ತತ್ತೀನಿ."

ಲಕ್ಕಣ್ಣ ಉಣ್ಣಲು ಹೋಗಿದ್ದ. ಅಕ್ಕಯ್ಯಮ್ಮ ಕಳ್ಳಿ ತುಳಿದುಕೊಂಡು ಒಳಗೆ ಹೋದಳು. ನಾನು ಬೇಲಿಯ ಹತ್ತಿರವೇ ಉಳಿದೆ. ತಡೆಯುವವರು ಯಾರೂ ಇರಲಿಲ್ಲ, ಕಾಲು ಏಳಲಿಲ್ಲ. ಆ ಕಲ್ಲುಗಳ ಮಸಿ ತಿಕ್ಕಿದ ಕೈ ನನ್ನದೇ. ನೋಡಿದರೆ ಅದು ತಾನಾಗಿ ಮುಗಿದುಕೊಂಡಿತ್ತು.

ಅವಳು ಗಂಗಮ್ಮನನ್ನು ಮಂಕರಿಯಲ್ಲಿ ಹೊತ್ತು ತಂದಳು. ಮನೆಯ ಒಲೆಯ ಹಳೆಯ ಗುಂಡಿಗಳಲ್ಲಿ ಮೂರನ್ನೂ ಕೂರಿಸಿ, ಕುಂಟೆಯ ನೀರು ಮೇಲಿಟ್ಟು, ಉರಿ ಮಾಡಿದಳು. ಕಾಯಿಸಿ ಕುಡಿಸೆಂದು ಯಲಹಂಕದ ಕಾಂಪೌಂಡರ್ ಹೇಳಿದ್ದ. ಅರಿಶಿನ ಸೀದು ವಾಸನೆ ಹೊಡೆಯಿತು. ಹಳದಿಯ ಮೇಲೆ ಕಪ್ಪು ನಿಧಾನವಾಗಿ ಮರಳಿ ಬಂತು. ಬಾಗಿಲಿಂದ ಬಂದ ಬಿಸಿಲು ಒಲೆಯವರೆಗೂ ಬಿದ್ದಿತ್ತು. ನಾನು ಅದಕ್ಕೆ ಅಡ್ಡ ಬರದಂತೆ ಗೋಡೆಗೆ ಅಂಟಿಕೊಂಡು ನಿಂತಿದ್ದೆ.

"ಅಮ್ಮ ಇಲ್ಲ! ಅಮ್ಮನ್ನ ಕದ್ದವ್ರೆ!" ಕುಂಟೆಯ ಕಡೆಯಿಂದ ಲಕ್ಕಣ್ಣನ ಕೂಗು.

ಆಮೇಲೆ ಬಹಳ ಕಾಲುಗಳ ಸದ್ದು. ಕೇರಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಅಕ್ಕಯ್ಯಮ್ಮ ತಲೆ ಎತ್ತಿ, ನಾನು ನಿಂತ ರೀತಿಯನ್ನು ನೋಡಿದಳು.

"ನೀರು ಇನ್ನೂ ಕುದ್ದಿಲ್ಲ. ಓಗಿ ಬಾಗ್ಲಿಗಡ್ಡ ನಿಂತ್ಕೊ."

ಹೋಗಿ ನಿಂತೆ. ಎದುರಿಗೆ ಕೋಲುಗಳು ತಿರುವು ದಾಟುತ್ತಿದ್ದವು. ಬೆನ್ನ ಹಿಂದೆ ನನ್ನ ನೆರಳು ಮೂರು ಕಲ್ಲಿನ ಮೇಲೂ ಪೂರ್ತಿ ಬಿದ್ದಿತ್ತು.