ದಿನಕ್ಕೆ ಮೂರು ಸಾಕು

"ಬರೋ ಮುಂಚೆ ಮೈ ತೊಳ್ಕೊಂಡು ಬರೋಕಾಗಲ್ವಾ?" ಎಂದು ತೆರಿಗೆ ಗುಮಾಸ್ತ ಕಾಕಿಜಾಕಿ ಎದ್ದುಹೋಗಿ ಕಿಟಕಿ ತೆರೆದ. ಹೊರಗೆ ಹಿಮ ಬೀಳುತ್ತಿತ್ತು.

ಬೆಳಗಿನ ಐದರಿಂದ ಬಂದರಿನ ಶೆಡ್ಡಿನಲ್ಲಿ ಬೊಂಡಾಸ ಮೀನಿನ ಹೊಟ್ಟೆ ಸೀಳಿ, ನೇರ ಪುರಸಭೆಯ ತೆರಿಗೆ ವಿಭಾಗಕ್ಕೆ ಬಂದಿದ್ದೆ. ಹೋದ ವರ್ಷ ಮೀನು ಚೆನ್ನಾಗಿ ಸಿಕ್ಕಿತ್ತು, ಎರಡೆರಡು ಪಾಳಿ ದುಡಿದಿದ್ದೆ. ಈ ವರ್ಷ ದೋಣಿಗಳು ಬರಿದಾಗಿ ಬರುತ್ತಿವೆ. ವಾರಕ್ಕೆ ಮೂರೇ ದಿನ ಕೆಲಸ. ತೆರಿಗೆ ಮಾತ್ರ ಹೋದ ವರ್ಷದ ಗಳಿಕೆಯ ಮೇಲೆ.

"ಹೋದ್ ವರ್ಷದ್ದು ಹೋದ್ ವರ್ಷವೇ ತಿಂದು ಹೇತಾಯ್ತಲ್ಲ ಸ್ವಾಮಿ, ಈಗೆಲ್ಲಿಂದ ತರ್ಲಿ?" ಎಂದೆ.

"ಆಗಲೇ ಎತ್ತಿಡಬೇಕಿತ್ತು, ನರುಮಿ ಅವರೇ."

ತೆರಿಗೆ ಕಂತಿನಲ್ಲಿ ಕಟ್ಟಬೇಕಾದರೆ ಮನೆಖರ್ಚಿನ ಪಟ್ಟಿ ಕೊಡಬೇಕಂತೆ. ಬರೆದು ತಂದಿದ್ದೆ. ಸಂಬಳ ತೊಂಬತ್ತೆರಡು ಸಾವಿರ ಯೆನ್, ಬಾಡಿಗೆ ಮೂವತ್ತೆರಡು. ಅವನು ಕೆಂಪು ಪೆನ್ನು ತೆಗೆದ.

"ಸೀಮೆಎಣ್ಣೆಗೆ ಎಂಟು ಸಾವಿರವಾ? ಕೋಟು ಹಾಕ್ಕೊಂಡು ಕೂತ್ಕೊಳ್ಳಿ." ಗೀಚಿ ಹೊಡೆದುಹಾಕಿದ. "ಸ್ನಾನದಂಗಡಿಗೆ ವಾರಕ್ಕೆ ನಾಲ್ಕು ಸಲವಾ?"

"ಮನೇಲಿ ಬಚ್ಚಲಿಲ್ಲ ಸ್ವಾಮಿ. ನಾತ ಅಂತ ನೀವೇ ಅಂದ್ರಲ್ಲ."

ಅದನ್ನೂ ಗೀಚಿದ. "ಡೈಪರ್, ದಿನಕ್ಕೆ ನಾಲ್ಕು. ಯಾರಿಗೆ?"

"ನಮ್ಮತ್ತೆಗೆ. ಎಂಬತ್ತಾರು ವರ್ಷ."

"ಮೂರು ಸಾಕು." ನಾಲ್ಕನ್ನು ಹೊಡೆದು ಮೂರು ಮಾಡಿದ. "ತಿಂಗಳಿಗೆ ಏಳು ಸಾವಿರ ಕಟ್ತೀನಿ ಅಂತ ಬರೆದುಕೊಡಿ. ಇಲ್ಲಾಂದ್ರೆ ಸಂಬಳಕ್ಕೇ ಕೈ ಹಾಕಬೇಕಾಗುತ್ತೆ."

ಸಹಿ ಮಾಡದೆ ಕಾಗದ ಮಡಚಿಕೊಂಡು ಬಂದೆ. ಅತ್ತೆ ಫುಸಾ ನಲವತ್ತು ವರ್ಷ ಅದೇ ಶೆಡ್ಡಿನಲ್ಲಿ ಮೀನು ಸೀಳಿದವಳು. ಬೆರಳು ಸೊಟ್ಟಗಾಗಿವೆ, ನಾಲಿಗೆ ಆಗಿಲ್ಲ. ನಡೆದದ್ದು ಹೇಳಿದೆ. ಕುಡಿಯುತ್ತಿದ್ದ ಗಂಜಿ ಕೆಳಗಿಟ್ಟಳು.

"ನನ್ನ ಉಚ್ಚೆ ಲೆಕ್ಕ ಹಾಕಾಕೆ ಆ ಮುಂಡೇಮಗ ಯಾವನೇ? ಕರ್ಕಂಡೋಗೇ ನನ್ನ."

"ಸುಮ್ನಿರತ್ತೆ. ದಾರಿ ತುಂಬಾ ಹಿಮ."

"ನೀ ಕುರ್ಚಿ ತಳ್ಳು. ಮೂರೇ ಇಟ್ಕೋ, ನಾಕನೇದು ಮುಟ್ಟಬ್ಯಾಡ."

ಮಾರನೆಯ ದಿನ ಕೆಲಸವಿರಲಿಲ್ಲ. ಗಾಲಿಕುರ್ಚಿ ತಳ್ಳಿಕೊಂಡು ಒಂಬತ್ತಕ್ಕೇ ಹೋಗಿ ಕಾಕಿಜಾಕಿಯ ಮುಂದೆ ಕೂತೆವು. ಅವನು ತಲೆ ಎತ್ತಲಿಲ್ಲ. ಮಧ್ಯಾಹ್ನದೊಳಗೆ ಅಲ್ಲಿನ ಶೌಚಾಲಯದಲ್ಲಿ ಬೆಳಗಿನದು ತೆಗೆದು ಎರಡನೆಯದು ಹಾಕಿದೆ. ಮೂರು ಗಂಟೆಗೆ ಕೊನೆಯದು. ನಾಚಿಕೆಯಾಗಿ, ಮನೆಗೆ ಹೋಗೋಣವೆಂದು ಎರಡು ಸಲ ಅತ್ತೆಯ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಕೈ ತಳ್ಳಿದಳು.

ಕಚೇರಿ ಮುಚ್ಚುವ ಹೊತ್ತಾಯಿತೆಂದು ಸಾರುವ ಸಂಗೀತ ಶುರುವಾದಾಗ ಅತ್ತೆ ಅಂಗೈಯಿಂದ ಮೇಜು ಬಡಿದಳು.

"ಲೋ ತಮ್ಮಾ! ಮೂರೂ ಮುಗುದ್ವು. ಮತ್ತೆ ಬತ್ತಾ ಐತೆ. ತಡ್ಕಳಾದು ಹೆಂಗೆ, ಬಂದು ಹೇಳ್ಕೊಡು."

ಸಾಲಿನಲ್ಲಿದ್ದ ಮುದುಕನೊಬ್ಬ ನಕ್ಕ, ಆಮೇಲೆ ತನ್ನ ಕೈಯಲ್ಲಿದ್ದ ಕಾಗದ ನೋಡತೊಡಗಿದ. ಮೇಲಧಿಕಾರಿ ಓಡಿಬಂದು ಬಗ್ಗಿ ನಮಸ್ಕರಿಸಿದ. "ಅಜ್ಜೀ, ಇವತ್ತು ಮನೆಗೆ ಹೋಗಿ, ನಾಳೆ ಮಾತಾಡೋಣ."

ನನಗೇನಾಯಿತೋ, ಕುರ್ಚಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟೆ. "ನಾಕು ಅಂತ ಬರೀರಿ, ಎದ್ದೋಗ್ತೀವಿ," ಎಂದೆ.

ಕಾಕಿಜಾಕಿ ಪೆನ್ನು ಹಿಡಿದು ಮೇಲಧಿಕಾರಿಯ ಮುಖ ನೋಡಿದ. ಮೇಲಧಿಕಾರಿ ಗೋಡೆ ನೋಡಿದ. ಒಂದೊಂದೇ ದೀಪ ಆರತೊಡಗಿತು. ಅತ್ತೆಯ ಕುರ್ಚಿಯಿಂದ ಬೆಚ್ಚಗೆ ತೊಟ್ಟಿಕ್ಕಿ ನನ್ನ ತೊಡೆ ತೋಯಿಸಿತು, ಅಲ್ಲಿಂದ ನೆಲಕ್ಕಿಳಿದು ಮೇಜಿನಡಿ ಹರಿಯಿತು. ನಾನು ಏಳಲಿಲ್ಲ.