ಕಾರ್ಮುಗಿಲಿನ ಎರಡನೆಯ ಮುಖವಾಡ

ನಾನೊಂದು ಮುಖವಾಡ, ಅದರಲ್ಲೂ ಎರಡನೆಯದು. ಮೊದಲನೆಯದಕ್ಕೆ ಮೂಗಿನ ಕೆಳಗೆ ಬಯಲು. ತುಟಿ, ಗಲ್ಲ ಚೆಂದವಾಗಿ ಕಾಣಲಿ ಎಂದು ಕತ್ತರಿಸಿ ಬಿಟ್ಟಿದ್ದಾರೆ. ನಾನು ಹಣೆಯಿಂದ ಗಲ್ಲದವರೆಗೆ ಪೂರ್ತಿ ಮುಚ್ಚಿಕೊಂಡವನು. ನೋಡುವುದಕ್ಕೆ ಎರಡು ತೂತು, ಉಸಿರಾಡುವುದಕ್ಕೆ ಎರಡು ತೂತು, ಅಷ್ಟೇ. ಬಾಯಿಯಿಲ್ಲದವನು ಆತ್ಮಕಥೆ ಹೇಳುವುದು ಹೇಗೆ ಎಂದು ಕೇಳಬೇಡಿ. ಬಾಯಿದ್ದವರು ಸುಮ್ಮನಿದ್ದರೆ ಬಾಯಿಲ್ಲದವರೇ ಹೇಳಬೇಕಾಗುತ್ತದೆ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಸ್ಟುಡಿಯೋದ ಹಿಂದಿನ ತಗಡಿನ ಶೆಡ್ಡಿನಲ್ಲಿ. ಹುಟ್ಟಿಸಿದವರು ಲಿಂಗರಾಜ ಆಚಾರ್ರು. ರಾವಣನ ತಲೆ, ಥರ್ಮೊಕೋಲಿನ ದೇವಸ್ಥಾನ, ಒಡೆಯುವುದಕ್ಕೆಂದೇ ಮಾಡುವ ಗೋಡೆ, ಇವೇ ಅವರ ಕಸುಬು. ನಾನು ಹುಟ್ಟುವ ಹೊತ್ತಿಗೆ ಅಲ್ಲಿ 'ಕಾರ್ಮುಗಿಲು' ಎಂಬ ಸೂಪರ್‌ಹೀರೋ ಸಿನಿಮಾ ತಯಾರಾಗುತ್ತಿತ್ತು. ಕಾಡಿನಂಚಿನ ಕೇರಿಯಲ್ಲಿ ಹುಟ್ಟಿದ ಒಬ್ಬ ಕಪ್ಪು ಹುಡುಗಿಗೆ ಮಳೆಮೋಡದ ಶಕ್ತಿ ಬರುತ್ತದೆ, ಅಣೆಕಟ್ಟು ಒಡೆಯುವುದನ್ನು ತಡೆದು ಅವಳು ಊರು ಉಳಿಸುತ್ತಾಳೆ, ಇದು ಕಥೆ. ಬರೆದವನು ನಿರ್ದೇಶಕ ಶ್ರೀವತ್ಸ. ಒಳ್ಳೆಯ ಮನುಷ್ಯ. ಒಳ್ಳೆಯತನಕ್ಕೆ ಬೆನ್ನೆಲುಬು ಬೇರೆ ಇರಬೇಕು ಎಂಬುದು ನನಗೆ ಆಮೇಲೆ ತಿಳಿಯಿತು.

ಕಪ್ಪು ಹುಡುಗಿಯ ಪಾತ್ರಕ್ಕೆ ಮುಂಬೈಯಿಂದ ತನಿಷ್ಕಾ ಬಂದಳು. ಹಾಲಿನಂಥ ಬಣ್ಣ. "ಜನ ಥಿಯೇಟರಿಗೆ ಬರೋದು ಇಂಥ ಮುಖ ನೋಡೋಕೇ ಕಣಯ್ಯಾ. ಕಪ್ಪು ಬೇಕಾದ್ರೆ ಬಳಿದುಕೊಳ್ಳೋಣ" ಎಂದರಂತೆ ನಿರ್ಮಾಪಕರು. ಆಚಾರ್ರು ಅವಳ ಮುಖಕ್ಕೆ ಪ್ಲಾಸ್ಟರ್ ಮೆತ್ತಿ, ಮೂಗಿಗೆ ಎಳನೀರು ಕುಡಿಯುವ ಕೊಳವೆ ಸಿಕ್ಕಿಸಿ ಅಚ್ಚು ತೆಗೆದರು. ಅದೇ ಅಚ್ಚಿನಿಂದ ನಾವಿಬ್ಬರೂ ಹುಟ್ಟಿದೆವು. ಮೊದಲನೆಯದು ತನಿಷ್ಕಾಗೆ. ನಾನು ಅವಳ ಬದಲಿಗೆ ಓಡುವ, ಹಾರುವ, ಬೀಳುವ ಡ್ಯೂಪ್‌ಗೆ. ಆದರೆ ನನ್ನನ್ನು ಹಾಕಿಕೊಳ್ಳುವವಳ ಮುಖದ ಅಳತೆ ಬೇಕು ಎಂದು ಆ ಇಡೀ ಯೂನಿಟ್ಟಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಕಾಣದ ಮುಖಕ್ಕೆ ಅಳತೆ ಯಾತಕ್ಕೆ?

ಆ ಡ್ಯೂಪ್ ಮಾದೇವಿ ಸಿದ್ದಿ. ಯಲ್ಲಾಪುರದ ಆಚೆ, ಹಿಂದೆಂದೋ ಆಫ್ರಿಕಾದಿಂದ ಬಂದು ಕಾಡಿನಂಚಿನಲ್ಲಿ ನೆಲೆನಿಂತ ಸಿದ್ದಿಗಳ ಕೇರಿಯವಳು. ಹರ್ಡಲ್ಸ್‌ನಲ್ಲಿ ರಾಜ್ಯದ ಪರವಾಗಿ ಓಡಿದವಳು, ಓಟದ ವಯಸ್ಸು ದಾಟಿದ ಮೇಲೆ ಸ್ಟಂಟ್ ಕೆಲಸಕ್ಕೆ ಬಂದಿದ್ದಳು. ಮೊದಲ ದಿನ ನನ್ನನ್ನು ಕಟ್ಟಿಕೊಂಡು ಎರಡು ಸಲ ಓಡಿದಳು. ತೆಗೆದಾಗ ಮೂಗಿನ ಎರಡೂ ಬದಿ ಸುಲಿದಿತ್ತು. ನನಗೆ ನಾಚಿಕೆಯಾಯಿತು.

"ಎಲ್ಲಿ ಒತ್ತುತ್ತೆ ಮಗಳೇ?" ಎಂದು ಆಚಾರ್ರು ಕೇಳಿದರು.

"ಮೂಗಿಗೆ ಸರ್. ಉಸಿರು ಹಿಡೀತದೆ."

"ಅಯ್ಯೋ, ನಿನ್ನ ಮುಖ ನಾನು ನೋಡ್ಲೇ ಇಲ್ವಲ್ಲ" ಎಂದು ಆಚಾರ್ರು ಹಣೆ ಚಚ್ಚಿಕೊಂಡರು. ನನ್ನನ್ನು ಮಗುಚಿ ಹಾಕಿ ಉಜ್ಜುಕಾಗದದಿಂದ ಒಳಗೆಲ್ಲ ಕೊರೆದರು. ಅವಳ ಮುಖಕ್ಕಿಟ್ಟು ನೋಡುವುದು, ಮತ್ತೆ ಕೊರೆಯುವುದು. ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಹೊರಗೆ ತನಿಷ್ಕಾ, ಒಳಗೆ ಮಾದೇವಿ. ಮೇಲೆ ಶೃಂಗಾರ ಒಳಗೆ ಗೋಣಿಸೊಪ್ಪು ಎಂದು ಜನ ನಮ್ಮಂಥವರನ್ನು ಆಡಿಕೊಳ್ಳುವುದುಂಟು. ನನ್ನ ಮಟ್ಟಿಗೆ ಆ ಗಾದೆ ತಿರುಗಾಮುರುಗಾ.

ಬೆಳಿಗ್ಗೆ ಶೂಟಿಂಗ್ ಶುರುವಾಗುವ ಮುಂಚೆ ಮೇಕಪ್ ನಂಜಪ್ಪ ಮಾದೇವಿಯನ್ನು ಕರೆಯುತ್ತಿದ್ದ. "ಸ್ವಲ್ಪ ಕೈ ಕೊಡಮ್ಮಾ" ಎಂದು ಅವಳ ಮುಂಗೈಯನ್ನು ತನಿಷ್ಕಾಳ ಕೆನ್ನೆಯ ಪಕ್ಕಕ್ಕೆ ಹಿಡಿದು, ಅದಕ್ಕೆ ಸರಿಹೊಂದುವ ಹಾಗೆ ತಟ್ಟೆಯಲ್ಲಿ ಬಣ್ಣ ಕಲೆಸುತ್ತಿದ್ದ. ಸೀರೆಗೆ ರವಿಕೆ ಕಣ ಹೊಂದಿಸುವವರು ಹೀಗೇ ಮಾಡುತ್ತಾರೆ. ಬಣ್ಣ ಹೊಂದಿದ ಮೇಲೆ, "ಆಯ್ತು, ಹೋಗು" ಎನ್ನುತ್ತಿದ್ದ. ನಾನು ಅವಳ ತೊಡೆಯ ಮೇಲಿರುತ್ತಿದ್ದೆ. ಒಂದು ದಿನ ತನಿಷ್ಕಾ ತನಗೆ ಬಂದಷ್ಟು ಕನ್ನಡದಲ್ಲಿ, "ನಿಮಗೆ ಬೇಜಾರು?" ಎಂದು ಕೇಳಿದಳು. ಪಾಪ, ಅವಳು ಕೆಟ್ಟವಳಲ್ಲ. "ಇಲ್ಲ ಮೇಡಂ" ಎಂದಳು ಮಾದೇವಿ. ಅದು ಸುಳ್ಳೆಂದು ನನ್ನ ಅಂಚು ಹಿಡಿದಿದ್ದ ಅವಳ ಬೆರಳುಗಳಿಗೆ ಗೊತ್ತಿತ್ತು.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಮೋಡದ ಹುಡುಗಿಯ ಪಾತ್ರ ಸಿಕ್ಕವಳಿಗೆ ನಾಲ್ಕು ಹೆಜ್ಜೆ ನೆಟ್ಟಗೆ ಓಡಲು ಬರುತ್ತಿರಲಿಲ್ಲ. ಓಡಲು ಬರುವವಳು ಊಟದ ಹೊತ್ತಿನಲ್ಲಿ ಜನರೇಟರ್ ವ್ಯಾನಿನ ಹಿಂದೆ ನೆರಳು ಹುಡುಕಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಅವಳಿಗೆ ನಾನು, ನನಗೆ ಅವಳು. ಬೇರೆ ಯಾರೂ ಆ ಕಡೆ ಬರುತ್ತಿರಲಿಲ್ಲ.

ಒಂದು ದಿನ ಶ್ರೀವತ್ಸ ಬಂದ. ಅವತ್ತು ಬೆಳಿಗ್ಗೆ ಅವಳು ಅಣೆಕಟ್ಟಿನ ಸೆಟ್ಟಿನ ಮೇಲಿಂದ ಹಾರಿದ್ದು ನೋಡಿ ಅವನ ಕಣ್ಣು ಇನ್ನೂ ಹೊಳೆಯುತ್ತಿತ್ತು. "ಮಾದೇವಿ, ಕೊನೇ ಸೀನಲ್ಲಿ ಕಾರ್ಮುಗಿಲು ಜನರ ಮುಂದೆ ಮುಖವಾಡ ತೆಗೀತಾಳಲ್ಲ, ಆ ಶಾಟ್ ನಿಂದು. ನಿನ್ನ ಮುಖಾನೇ ಇಡ್ತೀನಿ. ಬರೆಯುವಾಗ ನನ್ನ ತಲೇಲಿದ್ದಿದ್ದು ನಿನ್ನಂಥೋಳೇ" ಎಂದ.

"ಖರೇನಾ ಸರ್?"

"ನನ್ನ ಮಾತು ಅಂದ್ರೆ ಮಾತು."

ಅವನು ಅತ್ತ ಹೋಗುತ್ತಲೇ ಮಾದೇವಿ ಅಜ್ಜಿಗೆ ಫೋನು ಮಾಡಿದಳು. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದವಳು ಆ ಅಜ್ಜಿಯೇ. "ಅಜ್ಜೀ, ಕೊನೀಗೆ ನನ್ನ ಮುಖ ಬತ್ತದೆ!"

"ಇಷ್ಟು ದಿನ ಕೈಕಾಲು ಮುರ್ಕಂಡಿದ್ದಕ್ಕೆ ಒಂದು ಮುಖನಾದ್ರೂ ಬರ್ಲಿ ಮಾರಾಯ್ತಿ" ಎಂದಿತು ಆ ಕಡೆಯ ದನಿ. "ಕೇರಿಯೋರ್ನೆಲ್ಲ ಕರ್ಕಂಡೇ ಬತ್ತೆ. ನಮ್ಮಂಥ ಮುಖ ಪರದೆ ಮೇಲೆ ಯಾರು ಕಂಡಾರೆ?"

ಆ ಶಾಟ್ ತೆಗೆದದ್ದು ಶೂಟಿಂಗಿನ ಕೊನೆಯ ದಿನ, ನೆತ್ತಿ ಸುಡುವ ಬಿಸಿಲಿನಲ್ಲಿ. ಸುತ್ತ ಊರಿನ ಜನರಾಗಿ ನಿಂತ ಜೂನಿಯರ್ ಕಲಾವಿದರು. ಮಾದೇವಿಯ ಕೈ ಮೇಲೆ ಬಂತು, ನನ್ನನ್ನು ಮೆಲ್ಲಗೆ ಎತ್ತಿತು. ಕ್ಯಾಮೆರಾ ನೋಡಿದ ಹಾಗೆ ನಾನೂ ಅವಳನ್ನು ಹೊರಗಿನಿಂದ ನೋಡಿದೆ. ಬೆವರು, ಕೆನ್ನೆಯ ಮೇಲೆ ನನ್ನ ಅಂಚಿನ ಗೆರೆ, ನೇರ ನೋಟ. ಆಮೇಲೆ ಎಡಗಡೆಯ ತುಟಿ ಮೊದಲು ಮೇಲೇರಿ, ಬಲಗಡೆಯದು ನಿಧಾನವಾಗಿ ಸೇರಿಕೊಂಡು ಒಂದು ನಗು. ಶ್ರೀವತ್ಸ ಕಟ್ ಹೇಳುವುದನ್ನೇ ಮರೆತ. ಯಾರೋ ಚಪ್ಪಾಳೆ ತಟ್ಟಿದರು. ನನ್ನ ಜನ್ಮ ಸಾರ್ಥಕವಾಯಿತು ಎಂದುಕೊಂಡೆ.

ಶೂಟಿಂಗ್ ಮುಗಿದರೆ ಕುಂಬಳಕಾಯಿ ಒಡೆಯುವುದು ನಮ್ಮಲ್ಲಿ ಪದ್ಧತಿ. ಕ್ಯಾಮೆರಾಗೆ ಪೂಜೆಯಾಯಿತು, ಕರ್ಪೂರ ಉರಿಯಿತು, ಕುಂಕುಮ ತುಂಬಿದ ಬೂದುಗುಂಬಳ ನೆಲಕ್ಕೆ ಬಿತ್ತು. ಅಷ್ಟರಲ್ಲಿ ನಿರ್ಮಾಪಕರು ಶ್ರೀವತ್ಸನ ಭುಜದ ಮೇಲೆ ಕೈಹಾಕಿ ಕಿವಿಯಲ್ಲಿ ಏನೋ ಹೇಳಿದರು. ಅಲ್ಲಿಂದ ಮುಂದೆ ಶ್ರೀವತ್ಸ ಮಾದೇವಿಯ ಕಡೆ ತಿರುಗಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನದೆಯೇ ಅವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಲಾಡು ಹಂಚುವ ಸಂಭ್ರಮದಲ್ಲಿ ಮಾದೇವಿ ಇದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ, ಆದರೆ ಹೇಳುವುದಕ್ಕೆ ಬಾಯಿ ಎಲ್ಲಿದೆ?

ಆಚಾರ್ರು ನನ್ನನ್ನು ಅವಳ ಕೈಗೇ ಕೊಟ್ಟರು. "ತಗೊಂಡ್ಹೋಗು ಮಗಳೇ. ಇನ್ಯಾರ ಮುಖಕ್ಕೂ ಇದು ಕೂರಲ್ಲ."

ಸಿನಿಮಾ ಬಿಡುಗಡೆಯಾದಾಗ ಅಜ್ಜಿ ಹೇಳಿದ ಹಾಗೇ ಕೇರಿಯನ್ನೆಲ್ಲ ಟೆಂಪೋದಲ್ಲಿ ತುಂಬಿಸಿಕೊಂಡು ಹುಬ್ಬಳ್ಳಿಗೆ ಬಂದಳು. ಹೊಸ ಸೀರೆ, ಮುಡಿ ತುಂಬ ಅಬ್ಬಲಿಗೆ. ಮಾದೇವಿ ನನ್ನನ್ನು ಚೀಲದಲ್ಲಿ ತಂದು ತೊಡೆಯ ಮೇಲಿಟ್ಟುಕೊಂಡಳು. ಪರದೆಯ ಮೇಲೆ ಕಾರ್ಮುಗಿಲು ಓಡಿದಾಗಲೆಲ್ಲ ಕೇರಿಯ ಮಕ್ಕಳು, "ನಮ್ಮ ಮಾದೇವಿ, ನಮ್ಮ ಮಾದೇವಿ!" ಎಂದು ಕೂಗುತ್ತಿದ್ದವು. "ತಡೀರಾ, ಮುಖ ಬರ್ಲಿ" ಎಂದು ದೊಡ್ಡವರು ಗದರುತ್ತಿದ್ದರು.

ಕೊನೆಯ ದೃಶ್ಯ ಬಂತು. ಸುಡುವ ಬಿಸಿಲು, ಸುತ್ತ ಜನ, ಮೇಲೇರುವ ಕೈ. ಪರದೆಯಷ್ಟು ದೊಡ್ಡದಾಗಿ ನಾನು ಪಕ್ಕಕ್ಕೆ ಸರಿದೆ. ಕೆಳಗೆ ತನಿಷ್ಕಾಳ ಮುಖವಿತ್ತು, ನಂಜಪ್ಪ ಕಲೆಸಿದ ಬಣ್ಣ ಬಳಿದುಕೊಂಡು. ಆ ಮುಖ ನಕ್ಕಿತು. ಎಡಗಡೆಯ ತುಟಿ ಮೊದಲು ಏರಿತು, ಆಮೇಲೆ ಬಲಗಡೆಯದು. ಯಾವುದೋ ಕಂಪ್ಯೂಟರಿನಲ್ಲಿ ಮಾದೇವಿಯ ಮುಖ ಒರೆಸಿ, ನಗುವನ್ನು ಮಾತ್ರ ಇಟ್ಟುಕೊಂಡಿದ್ದರು. ಮಾದೇವಿಯ ಬೆರಳುಗಳು ನನ್ನ ಕಣ್ಣಿನ ತೂತುಗಳಲ್ಲಿ ನೆಟ್ಟುಕೊಂಡವು.

"ನಿನ್ನ ಮುಖ ಯಾವಾಗ ಬತ್ತದೆ?" ಎಂದು ಅಜ್ಜಿ ಪಿಸುಗುಟ್ಟಿದಳು.

"ಮುಗೀತು ಅಜ್ಜಿ."

"ಮುಗೀತಾ? ಎಲ್ಲಿ ಬಂತು?"

ಹಿಂದಿನ ಸಾಲಿನಿಂದ ಕೇರಿಯ ಪರಸಣ್ಣನ ಗೊಣಗಾಟ ಕೇಳಿಸಿತು. "ಇದ್ಕೆ ಹುಬ್ಬಳ್ಳಿ ತನ್ಕ ಬಂದ್ವಾ? ಸುಳ್ಳು ಹೇಳೂಕೂ ಒಂದು ಮಿತಿ ಬ್ಯಾಡ್ವನೇ ಮಾದೇವಿ?"

ಮಾದೇವಿ ನನ್ನನ್ನು ಎತ್ತಿಕೊಂಡು ಎದ್ದಳು. ಹೊರಗಿನ ಹಜಾರಕ್ಕೆ ಬಂದವಳೇ, ಕೇರಿಯವರೆಲ್ಲ ನೋಡುತ್ತಿರುವಾಗ ನನ್ನನ್ನು ಮುಖಕ್ಕೆ ಕಟ್ಟಿಕೊಂಡಳು. ಆಗ ನೋಡಬೇಕಿತ್ತು! "ಕಾರ್ಮುಗಿಲು! ಕಾರ್ಮುಗಿಲು!" ಎಂದು ಸಿನಿಮಾ ಬಿಟ್ಟು ಬಂದ ಜನವೆಲ್ಲ ಸುತ್ತುಗಟ್ಟಿದರು. ಚಪ್ಪಾಳೆ, ಶಿಳ್ಳೆ, ಮೇಲೆತ್ತಿದ ಮೊಬೈಲುಗಳು. ಒಬ್ಬ ಹೆಂಗಸು ತನ್ನ ಕೂಸನ್ನು ತಂದು ಅವಳ ತೋಳಿಗಿಟ್ಟು, "ಒಂದ್ ಫೋಟೋರೀ ಅಕ್ಕಾರ" ಎಂದಳು. ನನ್ನ ಒಳಮೈ ಪೂರ್ತಿ ಒದ್ದೆಯಾಗಿತ್ತು. ಮಾದೇವಿ ಅಳುತ್ತಿದ್ದಳು. ಹೊರಗಡೆ ನಾನು ಹೀರೋ ಹಾಗೆ ಸೆಟೆದು ನಿಂತಿದ್ದೆ.

ಆಮೇಲೆ ಅವಳು ನನ್ನನ್ನು ತೆಗೆದಳು. "ನಾನೇ. ಓಡಿದ್ದು, ಹಾರಿದ್ದು, ಎಲ್ಲ ನಾನೇ" ಎಂದಳು.

ಎತ್ತಿದ್ದ ಕೈಗಳು ಒಂದೊಂದೇ ಇಳಿದವು. ಆ ತಾಯಿ ನಕ್ಕಂತೆ ಮಾಡಿ ಕೂಸನ್ನು ವಾಪಸು ಇಸಿದುಕೊಂಡಳು. "ಪಬ್ಲಿಸಿಟಿಗೆ ಯಾರನ್ನೋ ಕಳಿಸ್ಯಾರ, ನಡೀರಿ" ಎಂದ ಒಬ್ಬ. ಜನ ಬಾಗಿಲ ಬಳಿ ನಿಲ್ಲಿಸಿದ್ದ ತನಿಷ್ಕಾಳ ರಟ್ಟಿನ ಚಿತ್ರದ ಕಡೆ ಹೋದರು. ಚಪ್ಪಾಳೆ ಬಿದ್ದದ್ದೆಲ್ಲ ನನಗೆ ಎಂದು ಆಗ ಅರ್ಥವಾಯಿತು. ಅಷ್ಟು ಅವಮಾನ ನನಗೆ ಎಂದೂ ಆಗಿಲ್ಲ. ಅಜ್ಜಿ ಒಬ್ಬಳೇ ಬಂದು, ಸೆರಗಿನಿಂದ ಮೊಮ್ಮಗಳ ಮುಖ ಒರೆಸಿ, "ಬಾ, ಟೆಂಪೋ ಹೊರಡ್ತದೆ" ಎಂದಳು.

ಅಲ್ಲಿಂದ ನಾನು ಅಜ್ಜಿಯ ಕೈಗೆ ಬಂದೆ. ಅವಳು ಭಾವುಕಳಲ್ಲ. ಗುಳಿ ಇರುವ ಸಾಮಾನು ಖಾಲಿ ಇರಬಾರದು ಎಂಬುದು ಅವಳ ಸಿದ್ಧಾಂತ. ತೂತುಗಳಿಗೆ ಬಟ್ಟೆ ತುರುಕಿ, ಅಂಗಾತ ಮಾಡಿ ಕಿಟಕಿಯ ಗೂಡಿನಲ್ಲಿಟ್ಟು, ಹೀರೆ ಬೀಜ ತುಂಬಿದಳು. ಊರು ಉಳಿಸಿದ ಸೂಪರ್‌ಹೀರೋನ ಮುಖ ಹೀರೆ ಬೀಜಕ್ಕಾದರೂ ಬಂತಲ್ಲ!

ಕೆಲವು ತಿಂಗಳಾದ ಮೇಲೆ ಶ್ರೀವತ್ಸನ ಫೋನು ಬಂತು. ಮಾದೇವಿ ಕಿಟಕಿಯ ಹತ್ತಿರವೇ ನಿಂತಿದ್ದಳು, ಅವನ ದನಿ ನನಗೂ ಕೇಳಿಸಿತು. "ಎರಡನೇ ಭಾಗ ಮಾಡ್ತಿದೀವಿ ಮಾದೇವಿ. ನೀನೇ ಬರಬೇಕು. ನಿನ್ನ ಹಾಗೆ ಓಡೋರು ಯಾರಿದಾರೆ?"

"ಮುಖ ಸರ್?"

"ಅದು ನನ್ನ ಕೈಲಿಲ್ಲಮ್ಮಾ."

"ಹಂಗಾರೆ ನನ್ನ ಕಾಲೂ ನಿಮ್ಮ ಕೈಲಿಲ್ಲ ಸರ್" ಎಂದು ಮಾದೇವಿ ಫೋನು ಇಟ್ಟಳು.

ಭೇಷ್ ಎನ್ನಬೇಕು ಅನ್ನಿಸಿತು. ಆದರೆ ಫೋನು ಇಟ್ಟ ಮೇಲೆ ಅವಳು ಗೋಡೆಗೆ ಒರಗಿ ಎಷ್ಟೋ ಹೊತ್ತು ಕೂತಳು. ಆಮೇಲೆ ಬೇರೆ ಯಾವ ಸಿನಿಮಾದವರೂ ಕರೆಯಲಿಲ್ಲ. ಈಗ ಹಾಸ್ಟೆಲ್ಲಿನ ಹುಡುಗಿಯರಿಗೆ ಓಟ ಕಲಿಸಲು ಹೋಗುತ್ತಾಳೆ. ದೊಡ್ಡವರು ಅವಳನ್ನು ಇನ್ನೂ "ಸಿನ್ಮಾದೋಳು" ಎಂದು ಕುಟುಕುತ್ತಾರೆ. ಯಾರ ಮನೆಯ ಜಗಲಿಯಲ್ಲೂ ಅವಳು ಹೆಚ್ಚು ಹೊತ್ತು ಕೂರುವುದಿಲ್ಲ.

ನನಗೂ ವಯಸ್ಸಾಯಿತು. ಬಣ್ಣ ಹಕ್ಕಳೆಯೆದ್ದಿದೆ, ಹಣೆಯಲ್ಲೊಂದು ಬಿರುಕು. ಮೊನ್ನೆ ಅಂಗಳದಲ್ಲಿ ಕೇರಿಯ ಪುಟ್ಟ ಹುಡುಗಿಯರು ಆಡುತ್ತಿದ್ದರು. ಬಟ್ಟೆ ಒಗೆಯುವ ಕಲ್ಲು ಅಣೆಕಟ್ಟು, ಅದರ ಮೇಲಿಂದ ಹಾರಿ ಊರು ಉಳಿಸುವ ಆಟ. ಯಾರು ಹಾರಬೇಕು ಎಂದು ಜಗಳ ಶುರುವಾಯಿತು.

"ನಿನ್ನೆನೂ ನೀನೇ ಆಗಿದ್ಯಲ್ಲ, ಇವತ್ತು ನಾ ಮಾದೇವಿ!"

"ಹೋಗೇ, ನಾ ಮಾದೇವಿ!"

ಕಾರ್ಮುಗಿಲು ಎಂಬ ಹೆಸರನ್ನು ಒಬ್ಬಳೂ ಎತ್ತಲಿಲ್ಲ. ಜಗಳದ ನಡುವೆ ಒಬ್ಬಳಿಗೆ ನನ್ನ ನೆನಪಾಯಿತು. ಓಡಿ ಬಂದು, ಬೀಜ ಸುರುವಿ, ತೂತಿನ ಬಟ್ಟೆ ಕಿತ್ತು, ನನ್ನನ್ನು ಅಂಗಳಕ್ಕೆ ಒಯ್ದಳು. "ಇದ್ನ ಹಾಕ್ಕಳೇ, ಖರೇದು ಇದು!"

ಹಾರುವ ಸರದಿಯವಳು ನನ್ನನ್ನು ಮುಖಕ್ಕೆ ಹಿಡಿದು ನೋಡಿದಳು. ಎಷ್ಟೋ ಕಾಲದ ಮೇಲೆ ಒಂದು ಬೆಚ್ಚಗಿನ ಉಸಿರು ನನ್ನೊಳಗೆ ಬಂತು. ಇಟ್ಟುಕೋ, ಇಟ್ಟುಕೋ ಎಂದು ಒಳಗೊಳಗೇ ಬೇಡಿಕೊಂಡೆ. ಅವಳು ತೆಗೆದುಬಿಟ್ಟಳು.

"ಥೂ, ಇದ್ನ ಹಾಕ್ಕಂಡ್ರೆ ಮಾದೇವಿ ಅಂತ ಹ್ಯಾಂಗೆ ಗೊತ್ತಾಗ್ತದೆ?"

ನನ್ನನ್ನು ಬೇಲಿಯ ಬುಡಕ್ಕೆ ಒಗೆದು, ಕಲ್ಲು ಹತ್ತಿ ಹಾರಿದಳು. ಬಾಗಿಲಲ್ಲಿ ಮಾದೇವಿ ಒದ್ದೆ ಕೈಯಲ್ಲೇ ನಿಂತು ನೋಡುತ್ತಿದ್ದಳು. ಆ ಹುಡುಗಿ ಎದ್ದು ಮಣ್ಣು ಕೊಡವಿಕೊಂಡು, "ಹಿಂಗೇ ಅಲ್ವೇನೇ ಮಾದೇವಕ್ಕಾ ನೀ ಹಾರಿದ್ದು?" ಎಂದು ಕೇಳಿದಳು.

"ಮೊಣಕಾಲು ಇನ್ನೂ ಸ್ವಲ್ಪ ಮೇಲೆ" ಎನ್ನುತ್ತ ಮಾದೇವಿ ಅಂಗಳಕ್ಕೆ ಇಳಿದಳು.

ಕತ್ತಲಾಗುವವರೆಗೂ ನಾನು ಬೇಲಿಯ ಬುಡದಲ್ಲೇ ಬಿದ್ದಿದ್ದೆ. ಯಾರೂ ಹುಡುಕಿಕೊಂಡು ಬರಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಒಂಟಿಯಾಗಿ ನಾನು ಯಾವತ್ತೂ ಇದ್ದವನಲ್ಲ. ಆದರೂ ಯಾರಾದರೂ ಬಂದು ಎತ್ತಿಕೊಳ್ಳಲಿ ಎಂದು ಆ ಸಂಜೆ ನಾನು ಬಯಸಲಿಲ್ಲ.